ಪುಕ್ಕಟೆ ಹಾಡಿನ ಸಾಲ



ಕಳೆದ ತಿಂಗಳು 1994ನೆಯ ಸಾಲಿನ ಹತ್ತನೆಯ ತರಗತಿಯ ಬಳಗದವರು ವಾಟ್ಸ್‌ಆ್ಯಪ್‌ನಲ್ಲಿ ನನಗೊಂದು ಉಡುಗೊರೆ ಕಳುಹಿಸಿದ್ದರು. ಅದೊಂದು ಕೊಂಡಿ. ಅದನ್ನು ಒತ್ತಿದರೆ ನಾನೂರಕ್ಕೂ ಹೆಚ್ಚು ಭಾವಗೀತೆಗಳು ನನ್ನ ಫೋನಿಗೆ ಇಳಿದುಬರುತ್ತವೆಯಂತೆ. "ಎಲ್ಲಾ ನಿಮ್ಮ ಕಾಲದ ಹಾಡುಗಳು ಸಾರ್, ಇಟ್ಕೊಳ್ಳಿ" ಎಂದು ಪ್ರೀತಿಯಿಂದ ಬರೆದಿದ್ದರು. ನಾನು ವಂದನೆಗಳನ್ನು ತಿಳಿಸಿ, ಬೇಡವೆಂದೆ. ಇದರಿಂದ ಕೆಲವರಿಗೆ ಬೇಸರವಾಯಿತೆಂದು ಅನಂತರ ತಿಳಿಯಿತು. ಒಬ್ಬಾಕೆ ಫೋನು ಮಾಡಿ, "ಹಾಡು ಕೇಳೋದರಲ್ಲಿ ತಪ್ಪೇನಿದೆ ಸಾರ್?" ಎಂದು ನೇರವಾಗಿಯೇ ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಆದರೆ ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರಿಸುವಂಥದ್ದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಉಪದೇಶವೆಂದು ಓದಬೇಡಿ. ಪರೀಕ್ಷೆಯಲ್ಲಿ ನಕಲು ಮಾಡಬಾರದೆಂದು ನಿಮಗೆಲ್ಲ ಮೂರು ದಶಕಗಳಿಗೂ ಹೆಚ್ಚು ಕಾಲ ಹೇಳಿದ ಮೇಷ್ಟರೊಬ್ಬನ ತಪ್ಪೊಪ್ಪಿಗೆಯಿದು.

ನಾನು ಬಿ.ಎಡ್. ಮುಗಿಸಿ ತಿಪಟೂರಿನಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿದ ಕಾಲವು ಧ್ವನಿಸುರುಳಿಗಳ ಕಾಲವಾಗಿತ್ತು. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಈ ಪುಟ್ಟ ಕ್ಯಾಸೆಟ್ಟು ನಮ್ಮ ಊರುಗಳ ಮನೆಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದಿತ್ತು. ಆಮೇಲೆ ಸಿ. ಅಶ್ವತ್ಥರು ಹಾಡಿಸಿದ ಕೆ.ಎಸ್.ನ. ಅವರ ಗೀತೆಗಳು ಬಂದವು, ಶಿಶುನಾಳ ಶರೀಫರ ಪದಗಳು ಬಂದವು. ಕಂತಿನ ಮೇಲೆ ಕೊಂಡ ಟೇಪ್‌ರೆಕಾರ್ಡರನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಶಾಲೆಗೆ ಒಯ್ಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಾನು ಅರ್ಧಗಂಟೆ ವಿವರಿಸಿದರೂ ನಿಮ್ಮ ಮುಖದ ಮೇಲೆ ಮೂಡದ ಬೆಳಕು, ಅದೇ ಪದ್ಯವನ್ನು ಹಾಡಾಗಿ ಕೇಳಿಸಿದ ನಾಲ್ಕೇ ನಿಮಿಷಗಳಲ್ಲಿ ಮೂಡುತ್ತಿತ್ತು. ನನ್ನ ಪಾಠದ ಅರ್ಧ ಕೀರ್ತಿ ಆ ಗಾಯಕರಿಗೂ ವಾದ್ಯಗಾರರಿಗೂ ಸಲ್ಲತಕ್ಕದ್ದು.

ಆ ಧ್ವನಿಸುರುಳಿಗಳನ್ನು ನಾನು ಕೊಳ್ಳುತ್ತಿದ್ದುದು ನನ್ನ ವಿದ್ಯಾರ್ಥಿಯೊಬ್ಬನ ಅಂಗಡಿಯಲ್ಲಿ. ಗಣಿತದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ ಓದು ಬಿಟ್ಟ ಹುಡುಗ. ತಂದೆ ಕೊಟ್ಟ ತೆಂಗಿನ ತೋಟದ ಆದಾಯವನ್ನೇ ಬಂಡವಾಳ ಮಾಡಿಕೊಂಡು 1990ರಲ್ಲಿ ಬಿ.ಹೆಚ್. ರಸ್ತೆಯಲ್ಲಿ ಒಂದು ಚಿಕ್ಕ ಕ್ಯಾಸೆಟ್ ಅಂಗಡಿ ತೆರೆದಿದ್ದ. ಕೊಬ್ಬರಿ ಹರಾಜಿನ ದಿನ ಆ ಅಂಗಡಿಯ ಮುಂದೆ ನಿಲ್ಲಲು ಜಾಗವಿರುತ್ತಿರಲಿಲ್ಲ. ರೈತರು ಹರಿಕಥೆ, ಮಂಟೇಸ್ವಾಮಿ ಪದ, ರಾಜಕುಮಾರರ ಚಿತ್ರಗೀತೆ, ಪೌರಾಣಿಕ ನಾಟಕ ಎಂದು ಕೇಳಿ ಕೇಳಿ ಕೊಳ್ಳುತ್ತಿದ್ದರು. ನಾನು ಹೋದರೆ ಸ್ಟೂಲು ಹಾಕಿ ಕೂರಿಸಿ, ಹೊಸದಾಗಿ ಬಂದ ಭಾವಗೀತೆಯ ಕ್ಯಾಸೆಟ್ಟಿನ ಮೇಲುಹಾಳೆಯನ್ನು ಬಿಚ್ಚಿ, "ಕೇಳಿ ನೋಡಿ ಸಾರ್, ಆಮೇಲೆ ತಗೊಳ್ಳಿ" ಎನ್ನುತ್ತಿದ್ದ. ತಿಂಗಳಿಗೊಂದು ಕೊಳ್ಳುವುದು ನನ್ನ ನಿಯಮವಾಗಿತ್ತು. ಸಂಬಳದ ದಿನ ಮೊದಲು ಕಿರಾಣಿ ಅಂಗಡಿ, ಆಮೇಲೆ ಅವನ ಅಂಗಡಿ.

ಪೂರ್ತಿ ಸತ್ಯವನ್ನೇ ಹೇಳಬೇಕೆಂದರೆ ಅವನೂ ನಕಲು ಮಾಡುತ್ತಿದ್ದ. ಖಾಲಿ ಕ್ಯಾಸೆಟ್ಟು ಕೊಟ್ಟು ಹಾಡುಗಳ ಪಟ್ಟಿ ಬರೆದುಕೊಟ್ಟರೆ ಎರಡು ದಿನಗಳಲ್ಲಿ ತುಂಬಿಸಿಕೊಡುತ್ತಿದ್ದ. ನಮ್ಮ ದೇಶದ ಅಂಥ ಎಷ್ಟೋ ಅಂಗಡಿಗಳಲ್ಲಿ ಇದು ನಡೆಯುತ್ತಿತ್ತು. 1957ರ ಕೃತಿಸ್ವಾಮ್ಯ ಕಾಯಿದೆ ಇದ್ದರೂ ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಆದರೆ ಆ ನಕಲಿಗೆ ತನ್ನದೇ ಒಂದು ಕಡಿವಾಣವಿತ್ತು. ಒಂದು ಗಂಟೆಯ ಹಾಡನ್ನು ನಕಲು ಮಾಡಲು ಸಾಮಾನ್ಯವಾಗಿ ಒಂದು ಗಂಟೆಯೇ ಬೇಕಿತ್ತು. ನಕಲಿನ ನಕಲಿಗೆ ಹೋದಂತೆಲ್ಲ 'ಸುಯ್' ಎಂಬ ಸದ್ದು ಹೆಚ್ಚುತ್ತ, ಹಾಡು ಮಸುಕಾಗುತ್ತಿತ್ತು. ಕೊನೆಗೆ ಒಳ್ಳೆಯದು ಬೇಕೆಂದರೆ ಮೂಲವನ್ನೇ ಕೊಳ್ಳಬೇಕಾಗುತ್ತಿತ್ತು.

ಈ ಕಡಿವಾಣ ಕಳಚಿಬಿದ್ದದ್ದು ಎಂಪಿ3ಯಿಂದ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಮುಂದಾಗಿ ನಿಂತು ರೂಪಿಸಿದ ಈ ವಿಧಾನದಲ್ಲಿ, ಮನುಷ್ಯನ ಕಿವಿ ಹೇಗೂ ಗುರುತಿಸಲಾರದ ಅಂಶಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಸಿ.ಡಿ.ಯಲ್ಲಿ ಸುಮಾರು 40 ಎಂ.ಬಿ. ಜಾಗ ಹಿಡಿಯುವ ನಾಲ್ಕು ನಿಮಿಷದ ಹಾಡು, ಇದರಲ್ಲಿ 4 ಎಂ.ಬಿ.ಗೆ ಇಳಿಯುತ್ತದೆ. ಅದನ್ನು ಸಾವಿರ ಸಲ ನಕಲು ಮಾಡಿದರೂ ಸಾವಿರದ ಪ್ರತಿ ಮೊದಲ ಪ್ರತಿಯಷ್ಟೇ ಸ್ವಚ್ಛವಾಗಿರುತ್ತದೆ.

1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಹದಿನೆಂಟರ ಹರೆಯದ ಅಮೆರಿಕದ ಹುಡುಗ, ಶಾನ್ ಪಾರ್ಕರ್ ಎಂಬ ಗೆಳೆಯನೊಡನೆ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯನ್ನು ಆರಂಭಿಸಿದ. ಇದನ್ನು ಊರಿನ ಗ್ರಂಥಾಲಯಕ್ಕೆ ಹೋಲಿಸಿ ನೋಡಿ. ಗ್ರಂಥಾಲಯದಲ್ಲಿ ಒಂದೂ ಪುಸ್ತಕವಿಲ್ಲ, ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂಬ ಪಟ್ಟಿಯೊಂದೇ ಇದೆ. ಪಟ್ಟಿ ನೋಡಿಕೊಂಡು ಆ ಮನೆಗೆ ಹೋದರೆ ಅವರು ಪ್ರತಿ ತೆಗೆದುಕೊಡುತ್ತಾರೆ, ಅವರ ಪುಸ್ತಕ ಅವರಲ್ಲಿಯೇ ಉಳಿಯುತ್ತದೆ. ನ್ಯಾಪ್‌ಸ್ಟರ್ ಮಾಡಿದ್ದು ಇಷ್ಟೇ. ಆ ವರ್ಷದ ಡಿಸೆಂಬರಿನಲ್ಲೇ ಧ್ವನಿಮುದ್ರಣ ಕಂಪನಿಗಳು ದಾವೆ ಹೂಡಿದವು. 2000ದಲ್ಲಿ ಮೆಟಾಲಿಕಾ ಎಂಬ ವಾದ್ಯವೃಂದವೂ ದಾವೆ ಹೂಡಿ, ತನ್ನ ಹಾಡುಗಳನ್ನು ಹಂಚುತ್ತಿದ್ದ ಮೂರು ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ಮುಂದಿಟ್ಟಿತು. ಪಟ್ಟಿ ನ್ಯಾಪ್‌ಸ್ಟರಿನ ಕೈಯಲ್ಲಿಯೇ ಇದ್ದುದರಿಂದ ತನಗೇನೂ ತಿಳಿಯದೆಂದು ಹೇಳುವುದು ಅದಕ್ಕೆ ಸಾಧ್ಯವಾಗಲಿಲ್ಲ. 2001ರ ಜುಲೈನಲ್ಲಿ ಅದು ಮುಚ್ಚಿತು. ಆದರೆ ಅಷ್ಟರಲ್ಲಿ ನಡುವೆ ಪಟ್ಟಿಯೇ ಇಲ್ಲದ ಬೇರೆ ವ್ಯವಸ್ಥೆಗಳು ಹುಟ್ಟಿಕೊಂಡಿದ್ದವು. ಒಂದು ಬಾಗಿಲು ಮುಚ್ಚಿದರೆ ಹತ್ತು ಕಿಟಕಿಗಳು ತೆರೆದವು.

ಈ ಕಿಟಕಿಗಳಲ್ಲೊಂದು ನಮ್ಮ ಮನೆಗೂ ತೆರೆಯಿತು. ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದ ನನ್ನ ಇನ್ನೊಬ್ಬ ವಿದ್ಯಾರ್ಥಿ 2002ರಲ್ಲಿ ರಜೆಗೆ ಬಂದಾಗ ನನ್ನನ್ನು ಕಾಣಲು ಬಂದ. ಕಾಲಿಗೆರಗಿ, ಒಂದು ಸಿ.ಡಿ. ಕೈಯಲ್ಲಿಟ್ಟ. ಅದರಲ್ಲಿ ನೂರೈವತ್ತು ಹಾಡುಗಳಿದ್ದವು. ದೂರದೇಶದ ಕನ್ನಡಿಗರು ಊರಿನಿಂದ ಒಯ್ದ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಏರಿಸಿ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಿದ್ದರಂತೆ. ಹಿಮ ಬೀಳುವ ಊರಿನಲ್ಲಿ ಒಬ್ಬನೇ ಕುಳಿತು ಅವನು ಈ ಹಾಡುಗಳನ್ನು ಕೇಳಿ ಅತ್ತದ್ದನ್ನು ಹೇಳಿದಾಗ ನನ್ನ ಕಣ್ಣೂ ತೇವವಾಯಿತು. ಅವನ ಮೇಲೆ ನನಗೆ ಅಂದೂ ಕೋಪವಿರಲಿಲ್ಲ, ಇಂದೂ ಇಲ್ಲ. ಅಲ್ಲಿ ಆ ಕ್ಯಾಸೆಟ್ಟನ್ನು ದುಡ್ಡು ಕೊಟ್ಟು ಕೊಳ್ಳುತ್ತೇನೆಂದರೂ ಮಾರುವವರು ಇರಲಿಲ್ಲ.

ಆದರೆ ತಿಪಟೂರಿನಲ್ಲಿದ್ದ ನನಗೆ ಆ ಸಬೂಬು ಇರಲಿಲ್ಲ. ಎಂಪಿ3 ಓಡಿಸುವ ವಿ.ಸಿ.ಡಿ. ಪ್ಲೇಯರೊಂದನ್ನು ಕೊಂಡೆ. ಆ ಸಿ.ಡಿ.ಯನ್ನು ಸಹೋದ್ಯೋಗಿಗಳಿಗೆ ಕೊಟ್ಟೆ. ಅವರೂ ಪ್ರತಿ ಮಾಡಿಸಿಕೊಂಡರು. ಬೆಂಗಳೂರಿಗೆ ಹೋದಾಗ ಫುಟ್‌ಪಾತಿನಲ್ಲಿ ಇನ್ನೂ ಎರಡು ಸಿ.ಡಿ. ಕೊಂಡು ತಂದೆ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ಅಧ್ಯಾಪಕರಿಗೂ ಅನ್ವಯಿಸುತ್ತದೆ. ಸಂಬಳದ ದಿನ ಕಿರಾಣಿ ಅಂಗಡಿಗೆ ಹೋಗುವುದು ಮುಂದುವರಿಯಿತು. ಕ್ಯಾಸೆಟ್ ಅಂಗಡಿಗೆ ಹೋಗುವುದು ನಿಂತಿತು. ಅದನ್ನು ನಾನು ಗಮನಿಸಲೂ ಇಲ್ಲ. 2006ರಲ್ಲಿ ಒಂದು ದಿನ ಆ ದಾರಿಯಲ್ಲಿ ಹೋಗುತ್ತಿದ್ದಾಗ ಅವನು ಫಲಕವನ್ನು ಕೆಳಗಿಳಿಸುತ್ತಿದ್ದ. "ಏನಪ್ಪಾ, ಅಂಗಡಿ ಬದಲಾಯಿಸ್ತಿದ್ದೀಯಾ?" ಎಂದು ಕೇಳಿದೆ. "ಇಲ್ಲ ಸಾರ್, ಮುಚ್ಚುತಾ ಇದೀನಿ" ಎಂದ. ಒಂದು ಕ್ಷಣ ತಡೆದು, "ನೀವೂ ಬರೋದು ಬಿಟ್ಟುಬಿಟ್ರಲ್ಲ ಸಾರ್" ಎಂದ. ಆಕ್ಷೇಪಣೆಯ ದನಿಯಿರಲಿಲ್ಲ. ಮಳೆ ಬರಲಿಲ್ಲವಲ್ಲ ಎಂದು ಹೇಳುವಂತೆ ಹೇಳಿದ. ಅವನ ಅಂಗಡಿ ಮುಚ್ಚಿದ್ದು ನನ್ನೊಬ್ಬನಿಂದಲ್ಲ, ನಿಜ. ಆದರೆ ಹನಿ ಹನಿ ಕೂಡಿದರೆ ಹಳ್ಳವಾಗುವಂತೆ, ಹನಿ ಹನಿ ಕಳೆದರೆ ಹಳ್ಳ ಬತ್ತುವುದೂ ಉಂಟು.

ಇನ್ನು ಎದುರುಪಕ್ಷದ ವಾದವನ್ನು ಕೇಳೋಣ. ಅದನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ.

ಮೊದಲನೆಯ ವಾದ: ಹಂಚಿಕೆಯಿಂದ ನಿಜವಾಗಿ ನಷ್ಟವೇ ಆಗಲಿಲ್ಲ, ಪುಕ್ಕಟೆ ಕೇಳಿದವನು ಹೇಗೂ ಕೊಳ್ಳುತ್ತಿರಲಿಲ್ಲ. ಇದನ್ನು ಒಮ್ಮೆಲೇ ತಳ್ಳಿಹಾಕುವಂತಿಲ್ಲ. ಓಬರ್‌ಹೋಲ್ಜರ್-ಗೀ ಮತ್ತು ಸ್ಟ್ರಂಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂಚಿಕೆಯು ಮಾರಾಟದ ಮೇಲೆ ಗಣನೀಯ ಪರಿಣಾಮ ಬೀರಿದ್ದು ಕಾಣಲಿಲ್ಲವೆಂದೇ ಹೇಳಿದರು. ಸ್ಟ್ಯಾನ್ ಲೀಬೊವಿಟ್ಜ್ ಮೊದಲಾದವರು ಅದನ್ನು ಬಲವಾಗಿ ವಿರೋಧಿಸಿದರು. ಪಂಡಿತರ ಚರ್ಚೆ ಹೇಗೇ ಇರಲಿ, ಅಮೆರಿಕದ ಧ್ವನಿಮುದ್ರಣ ಉದ್ಯಮದ ಆದಾಯ 1999ರಲ್ಲಿ ಸುಮಾರು 1,460 ಕೋಟಿ ಡಾಲರ್ ಇದ್ದದ್ದು 2014ರ ಹೊತ್ತಿಗೆ ಅದರ ಅರ್ಧಕ್ಕಿಂತ ಕಡಿಮೆಯಾಯಿತು. ಇದಕ್ಕೆ ಹಂಚಿಕೆಯೊಂದೇ ಕಾರಣವಲ್ಲ. ಹತ್ತು ಹಾಡುಗಳ ಸಿ.ಡಿ.ಯನ್ನು ಒಂದೇ ಗಂಟಾಗಿ ಮಾರುತ್ತಿದ್ದುದು ಹೋಗಿ, 2003ರಲ್ಲಿ ಆ್ಯಪಲ್ ಕಂಪನಿಯ ಐಟ್ಯೂನ್ಸ್ ಮಳಿಗೆ ಒಂದೊಂದೇ ಹಾಡನ್ನು 99 ಸೆಂಟಿಗೆ ಮಾರತೊಡಗಿತು. ಬೇಡದ ಒಂಬತ್ತು ಹಾಡುಗಳಿಗೂ ದುಡ್ಡು ಕೊಡುವ ಕಾಲ ಮುಗಿಯಿತು. ಆದರೂ ನನ್ನ ವಿಷಯದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ನಾನು ಕೊಳ್ಳುತ್ತಿದ್ದವನು; ಕೊಳ್ಳುವುದನ್ನು ನಿಲ್ಲಿಸಿದವನು.

ಎರಡನೆಯ ವಾದ ಇನ್ನೂ ಗಟ್ಟಿಯಾದದ್ದು: ನಾವು ಕೊಟ್ಟ ದುಡ್ಡು ಕಲಾವಿದರಿಗೆ ಎಲ್ಲಿ ತಲುಪುತ್ತಿತ್ತು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ನಡುವೆ ಕಂಪನಿಗಳಿದ್ದವು. ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಒಂದು ಸಲ ಹಣ ಕೊಟ್ಟು ಎಲ್ಲ ಹಕ್ಕುಗಳನ್ನೂ ಬರೆಸಿಕೊಳ್ಳುವುದು ರೂಢಿಯಾಗಿತ್ತು. ಸಿನಿಮಾ ಹಾಡುಗಳ ಕವಿಗಳಿಗೂ ಸಂಗೀತ ನಿರ್ದೇಶಕರಿಗೂ ಗೌರವಧನದಲ್ಲಿ ಬಿಟ್ಟುಕೊಡಲಾಗದ ಪಾಲನ್ನು ನಮ್ಮ ಕಾನೂನು ಕೊಟ್ಟದ್ದು 2012ರ ತಿದ್ದುಪಡಿಯಿಂದ; ಅದಕ್ಕಾಗಿ ಜಾವೇದ್ ಅಖ್ತರರು ರಾಜ್ಯಸಭೆಯಲ್ಲಿ ಹೋರಾಡಿದರು. ಅಂದರೆ ಕಂಪನಿಗಳು ಹಂಚಿಕೆಯನ್ನು ಕಳ್ಳತನವೆಂದು ಕರೆಯುತ್ತಿದ್ದ ದಿನಗಳಲ್ಲಿ ಅವುಗಳ ಕೈಯೂ ಪೂರ್ತಿ ಶುದ್ಧವಾಗಿರಲಿಲ್ಲ. ಅಮೆರಿಕದಲ್ಲಿ 2003ರಿಂದ ಸಾಮಾನ್ಯ ಜನರ ಮೇಲೆ, ಹನ್ನೆರಡು ವರ್ಷದ ಬಾಲಕಿಯೊಬ್ಬಳ ಮೇಲೂ, ದಾವೆ ಹೂಡಿ ಅವು ತಮ್ಮ ಮರ್ಯಾದೆಯನ್ನು ತಾವೇ ಕಳೆದುಕೊಂಡವು.

ಇದೆಲ್ಲವನ್ನೂ ಒಪ್ಪುತ್ತೇನೆ. ಆದರೆ ಪೂಜಾರಿ ಕೊಡಲಿಲ್ಲವೆಂದು ನಾವು ಹುಂಡಿಗೆ ಹಾಕುವುದನ್ನೇ ನಿಲ್ಲಿಸಿದರೆ ದೇವರ ದೀಪಕ್ಕೆ ಎಣ್ಣೆ ಬಂದೀತೆ? ದೊಡ್ಡ ಕಂಪನಿಗಳು ಹೇಗೋ ಬದುಕಿಕೊಂಡವು. ದೊಡ್ಡ ಗಾಯಕರು ವೇದಿಕೆಯ ಕಾರ್ಯಕ್ರಮಗಳಿಂದ ಗಳಿಸಿದರು. ಪೆಟ್ಟು ಬಿದ್ದದ್ದು ನಡುವಿನವರಿಗೆ: ಒಂದು ದಿನದ ಧ್ವನಿಮುದ್ರಣಕ್ಕೆ ದಿನಗೂಲಿಯಂತೆ ಸಂಭಾವನೆ ಪಡೆಯುತ್ತಿದ್ದ ತಬಲಾ, ಕೊಳಲು, ಮ್ಯಾಂಡೊಲಿನ್ ವಾದಕರಿಗೆ, ಸಣ್ಣ ಪ್ರಮಾಣದಲ್ಲಿ ಕ್ಯಾಸೆಟ್ಟು ಮಾಡಿ ಮಾರುತ್ತಿದ್ದವರಿಗೆ, ಬಿ.ಹೆಚ್. ರಸ್ತೆಯ ಅಂಗಡಿಯವನಿಗೆ. ಇಂಗ್ಲಿಷ್, ಹಿಂದಿಗಳಂಥ ದೊಡ್ಡ ಮಾರುಕಟ್ಟೆಗೆ ಅರ್ಧ ಹೋದರೂ ಅರ್ಧ ಉಳಿಯುತ್ತದೆ. ಕನ್ನಡದ ಭಾವಗೀತೆಗೆ ಇದ್ದ ಕೊಳ್ಳುಗರೇ ಕೆಲವರು. ಆ ಕೆಲವರಲ್ಲಿ ಕನ್ನಡದ ಮೇಷ್ಟರುಗಳೇ ಬಹುಪಾಲು ಇದ್ದಿರಬೇಕು! ನಾವೇ ಬಿಟ್ಟರೆ ಹೊಸ ಕವಿತೆಗೆ ರಾಗ ಹಾಕಿಸಲು ದುಡ್ಡು ಹೂಡುವವರು ಯಾರು? ನನ್ನ ಕಪಾಟಿನಲ್ಲಿ ಇಂದಿಗೂ ನೂರಮೂವತ್ತು ಭಾವಗೀತೆಯ ಕ್ಯಾಸೆಟ್ಟುಗಳಿವೆ. 2002ರ ನಂತರದ್ದು ಒಂದೂ ಇಲ್ಲ.

ಪರೀಕ್ಷಾ ಕೊಠಡಿಯಲ್ಲಿ ನಕಲು ಮಾಡುವಾಗ ಸಿಕ್ಕಿಬಿದ್ದ ಹುಡುಗರು ನನಗೆ ಸಾಮಾನ್ಯವಾಗಿ ಹೇಳುತ್ತಿದ್ದುದು, "ನಾನು ನೋಡಿ ಬರೆದರೆ ಅವನಿಗೇನು ಕಡಿಮೆಯಾಗುತ್ತೆ ಸಾರ್?" ಎಂದು. ನಾನು ಅವರಿಗೆ ಹೇಳುತ್ತಿದ್ದುದು, ಅವನ ಅಂಕ ಕಡಿಮೆಯಾಗುವುದಿಲ್ಲ, ಅವನ ದುಡಿಮೆಯ ಬೆಲೆ ಕಡಿಮೆಯಾಗುತ್ತದೆ ಎಂದು. ಹಾಡಿನ ವಿಷಯದಲ್ಲಿ ಅದೇ ಉತ್ತರವನ್ನು ನನಗೆ ನಾನು ಹೇಳಿಕೊಳ್ಳಲಿಲ್ಲ.

"ಈಗ ಎಲ್ಲ ಸರಿಹೋಗಿದೆಯಲ್ಲ ಸಾರ್, ಚಂದಾ ಕೊಟ್ಟು ಕೇಳುವ ಆ್ಯಪ್‌ಗಳು ಬಂದಿವೆಯಲ್ಲ" ಎನ್ನುವಿರಿ. ಸರಿ. ಸ್ವೀಡನ್ನಿನ ಸ್ಪಾಟಿಫೈ 2008ರಲ್ಲಿ ಆರಂಭವಾಗಿ 2019ರಲ್ಲಿ ನಮ್ಮ ದೇಶಕ್ಕೂ ಬಂತು. ಅದಕ್ಕೂ ಮೊದಲೇ ನಮ್ಮವೇ ಕೆಲವು ಇದ್ದವು. 2024ರಲ್ಲಿ ಜಗತ್ತಿನ ಧ್ವನಿಮುದ್ರಣ ಉದ್ಯಮದ ಆದಾಯ 2,960 ಕೋಟಿ ಡಾಲರಿಗೆ ಏರಿತೆಂದೂ, ಅದರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಈ ಆ್ಯಪ್‌ಗಳಿಂದಲೇ ಬಂತೆಂದೂ ಆ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟದ ವರದಿ ಹೇಳುತ್ತದೆ. ಆದರೆ ಹಂಚುವ ಕ್ರಮವನ್ನು ನೋಡಿ. ಸಾಮಾನ್ಯವಾಗಿ ಎಲ್ಲರ ಚಂದಾ ಹಣವನ್ನೂ ಒಂದೇ ರಾಶಿ ಹಾಕಿ, ಒಟ್ಟು ಕೇಳಿಕೆಯಲ್ಲಿ ಯಾವ ಹಾಡಿನದು ಎಷ್ಟು ಪಾಲು ಎಂದು ನೋಡಿ ಹಂಚುತ್ತಾರೆ. ನಾನು ತಿಂಗಳೆಲ್ಲ ಭಾವಗೀತೆಗಳನ್ನೇ ಕೇಳಿದರೂ ನನ್ನ ಹಣದ ಹೆಚ್ಚು ಭಾಗ ಕೋಟ್ಯಂತರ ಜನ ಕೇಳಿದ ಹಾಡುಗಳತ್ತ ಹರಿಯುತ್ತದೆ. ಇದು ಸಾಲದೆಂಬಂತೆ 2024ರಿಂದ ಸ್ಪಾಟಿಫೈನಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಬಿಡಿಗಾಸೂ ಇಲ್ಲ. ಪುಕ್ಕಟೆ ಹಂಚಿಕೆಯ ಕಾಲ ಸಂಗೀತದ ಬೆಲೆಯನ್ನು ಎಷ್ಟು ಕೆಳಗಿಳಿಸಿತೆಂದರೆ, ಕೊಡುವ ಅಭ್ಯಾಸ ಮರಳಿ ಬಂದಾಗಲೂ ಚಿಕ್ಕವರಿಗೆ ಚಿಲ್ಲರೆಯಷ್ಟೇ ಉಳಿಯಿತು.

ಹಾಗಾದರೆ ಹಂಚಿಕೊಳ್ಳುವುದೇ ಪಾಪವೇ? ಅಲ್ಲ. ಕರ್ನಾಟಕ ಸಂಗೀತದ ರಸಿಕರು ಸಂಗೀತಪ್ರಿಯ ಎಂಬ ಹೆಸರಿನಲ್ಲಿ ಹಳೆಯ ಕಚೇರಿಗಳ ಧ್ವನಿಮುದ್ರಣಗಳನ್ನು ಅಂತರಜಾಲದಲ್ಲಿ ಹಂಚಿಕೊಂಡಿದ್ದಾರೆ. ಅದರಲ್ಲಿ ವ್ಯಾಪಾರವಿಲ್ಲ, ಅಂಗಡಿಯಲ್ಲಿ ಸಿಗುವ ಧ್ವನಿಮುದ್ರಿಕೆಗಳನ್ನು ಹಂಚಬಾರದೆಂಬುದು ಅಲ್ಲಿನ ನಿಯಮ. ಯಾರದೋ ಅಟ್ಟದ ಮೇಲೆ ಬೂಷ್ಟು ಹಿಡಿದು ಹಾಳಾಗಬೇಕಿದ್ದ ಸಂಗೀತ ಹೀಗೆ ಉಳಿಯಿತು. ಉಳಿಸುವ ಹಂಚಿಕೆ ಬೇರೆ, ಕಸಿಯುವ ಹಂಚಿಕೆ ಬೇರೆ. ನಮ್ಮ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ ಅರುವತ್ತು ವರ್ಷ ಇರುತ್ತದೆ. 1978ರ ಧ್ವನಿಸುರುಳಿಯ ಹಕ್ಕು 2038ರ ಕೊನೆಯವರೆಗೆ ಜೀವಂತವಾಗಿರುತ್ತದೆ. ನೀವು ಕಳುಹಿಸಿದ ನಾನೂರು ಹಾಡುಗಳಲ್ಲಿ ಬಹುತೇಕ ಎಲ್ಲವೂ ಇನ್ನೂ ಯಾರದೋ ಸ್ವತ್ತು. ಹುಡುಕಿದರೆ ದುಡ್ಡು ಕೊಟ್ಟು ಕೇಳುವ ದಾರಿಯೂ ಇದೆ.

ಹೋದ ವಾರ ನಾನು ಬಿ.ಹೆಚ್. ರಸ್ತೆಗೆ ಹೋಗಿದ್ದೆ. ಆ ನನ್ನ ವಿದ್ಯಾರ್ಥಿ ಕ್ಯಾಸೆಟ್ ಅಂಗಡಿ ಮುಚ್ಚಿದ ಮೇಲೆ ಅದೇ ಮಳಿಗೆಯಲ್ಲಿ ಮೊಬೈಲ್ ಅಂಗಡಿ ತೆರೆದ. ಕೆಲವು ವರ್ಷ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಟ್ಟು ಜೀವನ ಸಾಗಿಸಿದ. ಯಾವುದು ಅವನ ಅಂಗಡಿಯನ್ನು ಮುಚ್ಚಿಸಿತೋ ಅದನ್ನೇ ಅವನು ಮಾರಬೇಕಾಯಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಅದೂ ನಿಂತಿತು. ಈಗ ಕವರು, ಚಾರ್ಜರು ಮಾರುತ್ತಾನೆ. ಹಳೆಯ ಮಾಲು ಏನಾದರೂ ಉಳಿದಿದೆಯೇ ಎಂದು ಕೇಳಿದೆ. ಒಳಗಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ತಂದ. ನಾಲ್ಕು ಭಾವಗೀತೆಯ ಕ್ಯಾಸೆಟ್ಟುಗಳನ್ನು ಆರಿಸಿಕೊಂಡೆ. "ಹಾಕಿ ಕೇಳೋಕೆ ಟೇಪ್‌ರೆಕಾರ್ಡರ್ ಇದೆಯಾ ಸಾರ್?" ಎಂದ. ಇಲ್ಲವೆಂದೆ. "ಮತ್ಯಾಕೆ?" ಎಂದು ನಕ್ಕ. ದುಡ್ಡು ಬೇಡವೆಂದು ಹಟ ಹಿಡಿದ. ಕೊನೆಗೆ ಮೇಷ್ಟರ ದನಿ ತೆಗೆದ ಮೇಲೆಯೇ ತೆಗೆದುಕೊಂಡ. ಇದರಿಂದ ನನ್ನ ಸಾಲ ತೀರಲಿಲ್ಲವೆಂದು ಬಲ್ಲೆ.

ಆದ್ದರಿಂದ, ನನ್ನ ಮಕ್ಕಳೇ, ಆ ಕೊಂಡಿಯನ್ನು ಅಳಿಸಿರೆಂದು ಆಜ್ಞೆ ಮಾಡಲಾರೆ. ಅದಕ್ಕೆ ಬೇಕಾದ ನೈತಿಕ ಅಧಿಕಾರವನ್ನು 2002ರಲ್ಲೇ ಕಳೆದುಕೊಂಡಿದ್ದೇನೆ. ಆದರೆ ಒಂದು ಕೋರಿಕೆಯಿದೆ. ಬರುವ ಡಿಸೆಂಬರಿನಲ್ಲಿ ನೀವು ಗುರುವಂದನಾ ಕಾರ್ಯಕ್ರಮ ಇಟ್ಟುಕೊಂಡಿದ್ದೀರಿ. ನಮಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಇಳಿಸಿಕೊಂಡ ಕರೋಕೆ ಟ್ರ್ಯಾಕಿಗೆ ನಿಮ್ಮ ಗಾಯನ ಎಂದು ಕೇಳಿದ್ದೇನೆ. ಶಾಲು, ಹಾರಗಳು ಬೇಡ. ನಮ್ಮ ಮನೆಯಲ್ಲಿ ಅವನ್ನಿಡಲು ಜಾಗವಿಲ್ಲ. ಆ ಹಣದಲ್ಲಿ ನಮ್ಮ ಜಿಲ್ಲೆಯ ಒಂದು ಸುಗಮ ಸಂಗೀತ ತಂಡವನ್ನು ಕರೆಸಿ. ಗಾಯಕರಿಗೆ ಕೊಡುವಂತೆ ತಬಲಾದವರಿಗೂ ಕೊಳಲಿನವರಿಗೂ ಬೇರೆ ಬೇರೆಯಾಗಿ ಲಕೋಟೆ ಕೊಡಿ, ಅದೂ ಕಾರ್ಯಕ್ರಮಕ್ಕೆ ಮೊದಲೇ. ನನ್ನ ಪಾಲಿನದೆಂದು ಒಂದು ತಿಂಗಳ ಪಿಂಚಣಿಯನ್ನು ಕೊಡುತ್ತೇನೆ. ಬಿ.ಹೆಚ್. ರಸ್ತೆಯ ಹುಡುಗನನ್ನು (ಅವನಿಗೂ ಈಗ ಐವತ್ತು ದಾಟಿದೆ) ಮೊದಲ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕೂರಿಸಿ.

ಅಂದು ನಾನೂರು ಹಾಡು ಬೇಡ, ಹತ್ತು ಸಾಕು.

ಇಂತು ನಿಮ್ಮ
ಕನ್ನಡ ಮೇಷ್ಟ್ರು